ನ್ಯೂಯಾರ್ಕ್ ಸಬ್‌ವೇ ಕಂಡಕ್ಟರ್ ಬೆರಳು ತೋರಿಸುವುದು ಯಾರಿಗೆ?

(ದೃಶ್ಯ: ಪ್ಲಾಟ್‌ಫಾರ್ಮ್ ಮೇಲೆ ತೂಗುವ ಕಪ್ಪು-ಬಿಳಿ ಪಟ್ಟೆಯ ಹಲಗೆ)

ನಮಸ್ಕಾರ. ಈ ಹಲಗೆ ನೋಡಿ. ಬರೀ ಪಟ್ಟೆ, ಒಂದಕ್ಷರವೂ ಇಲ್ಲ. ನ್ಯೂಯಾರ್ಕ್ ಸಬ್‌ವೇ, ಅಂದರೆ ಅಲ್ಲಿನ ಮೆಟ್ರೊ ರೈಲಿನ ಸ್ಟೇಷನ್ನುಗಳಲ್ಲಿ ಪ್ಲಾಟ್‌ಫಾರ್ಮ್ ನಡುಭಾಗದಲ್ಲಿ ಇದು ಇರುತ್ತದೆ. ರೈಲು ನಿಂತ ಕೂಡಲೇ ಮಧ್ಯದ ಬೋಗಿಯ ಕಿಟಕಿಯಿಂದ ಒಬ್ಬರು ಇದರತ್ತ ತೋರುಬೆರಳು ಚಾಚುತ್ತಾರೆ. ಬಾಗಿಲು ತೆರೆಯುವುದು ಆಮೇಲೆ.

ಇವರು ಕಂಡಕ್ಟರ್. ನಮ್ಮ ಬಸ್ಸಿನವರ ಹಾಗೆ ಟಿಕೆಟ್ ಕೊಡುವವರಲ್ಲ. ರೈಲು ಓಡಿಸಲು ಮುಂದೆ ಟ್ರೈನ್ ಆಪರೇಟರ್ ಇದ್ದಾರೆ. ಬಾಗಿಲು, ಅನೌನ್ಸ್‌ಮೆಂಟ್ ಕಂಡಕ್ಟರ್ ಪಾಲಿಗೆ.

ಬೆರಳು ಯಾಕೆ? ಹತ್ತು ಬೋಗಿಯ ರೈಲು ಸುಮಾರು 180 ಮೀಟರ್ ಉದ್ದ. ಸ್ವಲ್ಪ ಹಿಂದೆಮುಂದೆ ನಿಂತರೂ ತುದಿಯ ಬಾಗಿಲು ಸುರಂಗದೊಳಗೇ ತೆರೆದುಕೊಳ್ಳಬಹುದು. ಹಲಗೆ ನೇರ ಎದುರಿಗಿದ್ದರೆ ರೈಲು ಸರಿಯಾಗಿ ನಿಂತಿದೆ ಎಂದರ್ಥ. ಸುಮ್ನೆ ನೋಡಿದರೆ ಸಾಲದಾ? ದಿನವಿಡೀ ಮಾಡಿದ್ದೇ ಮಾಡುವಾಗ ಕಣ್ಣು ಇಲ್ಲಿದ್ದರೂ ಮನಸ್ಸು ಎಲ್ಲೋ ಇರುತ್ತದೆ, ಅಲ್ವಾ? ಕೈ ಎತ್ತಿದರೆ ಮನಸ್ಸೂ ಅಲ್ಲಿಗೆ ಬರುತ್ತದೆ. ಜಪಾನ್ ರೈಲ್ವೆಯವರ ಹಳೆಯ ಅಭ್ಯಾಸ ಇದು. ನ್ಯೂಯಾರ್ಕಿಗೆ ಬಂದದ್ದು 1996ರಲ್ಲಿ.

(ದೃಶ್ಯ: ಹೊರಡುತ್ತಿರುವ ರೈಲು, ಕಿಟಕಿಯಿಂದ ಹೊರಗೆ ಚಾಚಿದ ತಲೆ)

ನನಗೆ ಜಾಸ್ತಿ ಮುಖ್ಯ ಅನಿಸುವುದು ಈ ಗಳಿಗೆ. ರೈಲು ಹೊರಟಾಗ ಕಂಡಕ್ಟರ್ ತಲೆ ಹೊರಗಿಟ್ಟು ಹಿಂದೆ ಮುಂದೆ ನೋಡುತ್ತಾರೆ. ಯಾರದಾದರೂ ಬ್ಯಾಗ್ ಬಾಗಿಲಿಗೆ ಸಿಕ್ಕಿದೆಯಾ, ಯಾರಾದರೂ ರೈಲಿನ ಜೊತೆ ಎಳೆದುಕೊಂಡು ಹೋಗುತ್ತಿದ್ದಾರಾ ಅಂತ. ನಮ್ಮನ್ನು ಕಾಯಲು ಅವರು ತಮ್ಮ ಕುತ್ತಿಗೆಯನ್ನೇ ಹೊರಗೆ ಚಾಚುತ್ತಾರೆ. 2024ರ ಫೆಬ್ರವರಿಯಲ್ಲಿ ಬ್ರೂಕ್ಲಿನ್‌ನ ರಾಕವೇ ಅವೆನ್ಯೂ ಸ್ಟೇಷನ್ನಿನಲ್ಲಿ ಹೀಗೆ ನೋಡುತ್ತಿದ್ದ ಕಂಡಕ್ಟರ್ ಒಬ್ಬರ ಕುತ್ತಿಗೆಗೆ ಯಾರೋ ಇರಿದರು. ಪುಣ್ಯಕ್ಕೆ ಜೀವ ಉಳಿಯಿತು.

ಒಂದೇ ವಾರದಲ್ಲಿ ನ್ಯೂಯಾರ್ಕ್ ರಾಜ್ಯದ ಗವರ್ನರ್ 750 ನ್ಯಾಷನಲ್ ಗಾರ್ಡ್ ಸೈನಿಕರನ್ನು ಸಬ್‌ವೇಯಲ್ಲಿ ಬ್ಯಾಗ್ ತಪಾಸಣೆಗೆ ಕಳಿಸಿದರು. 2025ರ ಜನವರಿಯಲ್ಲಿ ರಾತ್ರಿ ರೈಲುಗಳಲ್ಲಿ ತಲಾ ಇಬ್ಬರು ಪೊಲೀಸರನ್ನು ಹಾಕುವ ಯೋಜನೆಯೂ ಬಂತು. ಒಳ್ಳೆಯದೇ. ಆದರೆ ಬಾಗಿಲಲ್ಲಿ ಸಿಕ್ಕಿಕೊಂಡ ಕೈ ಮೊದಲು ಕಾಣುವುದು ಕಂಡಕ್ಟರ್‌ಗೆ.

ನಮ್ಮ ಮೆಟ್ರೊದಲ್ಲಿ ರೈಲಿನೊಳಗೆ ಆಪರೇಟರ್ ಒಬ್ಬರೇ. ಹಳದಿ ಗೆರೆ ದಾಟಿದರೆ ಸೀಟಿ ಊದುವ ಗಾರ್ಡ್ ಪ್ಲಾಟ್‌ಫಾರ್ಮ್‌ನಲ್ಲಿರುತ್ತಾರೆ. ನ್ಯೂಯಾರ್ಕಿನಲ್ಲೂ ಖರ್ಚು ಉಳಿಸಲು 2005ರಲ್ಲಿ ಎಲ್ ಲೈನ್‌ನಲ್ಲಿ ಕಂಡಕ್ಟರ್ ಇಲ್ಲದೆ ಓಡಿಸಿ ನೋಡಿದರು. ಯೂನಿಯನ್ ಬಿಡಲಿಲ್ಲ. ಅವರು ಮಾಡಿದ್ದು ಸರಿ ಅನ್ನುತ್ತೇನೆ.

ಆ ಕಡೆ ಇರುವ ಕನ್ನಡಿಗರೇ, ತಡರಾತ್ರಿ ಒಬ್ಬರೇ ಹೋಗುವಾಗ ಆ ಪಟ್ಟೆ ಹಲಗೆಯ ಹತ್ತಿರ ನಿಲ್ಲಿ. ಕಂಡಕ್ಟರ್ ಕಿಟಕಿ ನಿಮ್ಮೆದುರಿಗೇ ಬಂದು ನಿಲ್ಲುತ್ತದೆ.