ತೂಕದ ಜೊತೆ ಬಿಪಿಯೂ ಇಳಿದರೆ

ಈ ವಿಡಿಯೋ ಯಾರಿಗೆ ಅಂತ ಮೊದಲೇ ಹೇಳಿಬಿಡುತ್ತೇನೆ. ಬಿಪಿಗೆ ಮಾತ್ರೆ ನುಂಗುತ್ತಿದ್ದೀರಿ, ಅದರ ಜೊತೆಗೆ ತೂಕ ಇಳಿಸುವ ಇಂಜೆಕ್ಷನ್ನೂ ಶುರು ಮಾಡಿದ್ದೀರಿ, ಅಂಥವರಿಗೆ. ಉಳಿದವರು ಸುಮ್ನೆ ಕುಂದವಾಡ ಕೆರೆ ನೋಡಿಕೊಂಡು ಹೋಗಿ, ಬೆಳಗಿನ ಬೆಳಕು ಚೆನ್ನಾಗಿ ಬಂದಿದೆ.

ನಾನು ತೆಗೆದುಕೊಳ್ಳುತ್ತಿರುವುದು ಟಿರ್ಜೆಪಟೈಡ್. ವಾರಕ್ಕೊಂದು ಸಲ, ಹೊಟ್ಟೆಯ ಚರ್ಮದ ಕೆಳಗೆ ಚುಚ್ಚಿಕೊಳ್ಳುವುದು. ನಮ್ಮ ದೇಶದ ಮಾರುಕಟ್ಟೆಗೆ ಇದು ಬಂದದ್ದು 2025ರ ಮಾರ್ಚ್‌ನಲ್ಲಿ. 2.5 ಮಿಲಿಗ್ರಾಂನಿಂದ ಶುರು, ನಾಲ್ಕು ವಾರ ಆದಮೇಲೆ 5. ನಾನು ಈಗ ಐದರಲ್ಲೇ ಇದ್ದೇನೆ. ಬೆಣ್ಣೆ ದೋಸೆ ತಂದಿಟ್ಟರೆ ಒಂದಕ್ಕೇ ಸಾಕು ಅನ್ನಿಸುತ್ತದೆ. ದಾವಣಗೆರೆಯವನ ಬಾಯಲ್ಲಿ ಈ ಮಾತು ಬರಬಾರದು, ಏನು ಮಾಡೋದು ಹೇಳಿ.

ತೂಕದ ಕಥೆ ಇನ್ನೊಂದು ದಿನ. ಇವತ್ತು ಬಿಪಿ.

ನಮ್ಮದು ಬಟ್ಟೆ ಅಂಗಡಿ. ಈ ಶಾಟ್‌ನಲ್ಲಿ ಕಾಣುತ್ತಿದೆಯಲ್ಲ, ಹೀಗೆ ಗಾದಿ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವುದು, ಗಿರಾಕಿ ಬಂದರೆ ಎದ್ದು ಮೇಲಿನ ಕಪಾಟಿನಿಂದ ಬಟ್ಟೆ ಇಳಿಸುವುದು. ದಿನವಿಡೀ ಏಳು, ಕೂರು. ಬೇಸಿಗೆ ಶುರುವಾದ ಹೊತ್ತಿಗೆ ಎದ್ದಾಗೆಲ್ಲ ಕಣ್ಣು ಕತ್ತಲೆ ಬರತೊಡಗಿತು. ಕಪಾಟು ಹಿಡಿದು ಸ್ವಲ್ಪ ಹೊತ್ತು ನಿಂತರೆ ಸರಿಹೋಗುತ್ತಿತ್ತು. ಅಂಗಡಿ ಹುಡುಗ, "ಅಣ್ಣಾ, ಊಟ ಬಿಟ್ಟಿದ್ದಕ್ಕೇ ಹಿಂಗಾಗೋದು, ಮಂಡಕ್ಕಿ ಮಿರ್ಚಿ ತರ್ಲಾ?" ಅಂದ. ಮನೆಯಲ್ಲಿ ಅವ್ವ ಉಪ್ಪು ಹಾಕಿದ ನಿಂಬೆ ಶರಬತ್ತು ಮಾಡಿಕೊಟ್ಟಳು.

ಡಾಕ್ಟರ ಹತ್ತಿರ ಹೋದೆ. ಕೂರಿಸಿ ನೋಡಿದರು, 116/74. "ಚೆನ್ನಾಗಿದೆಯಲ್ಲ ಸರ್" ಅಂದೆ. ಅವರು ಮಾತಾಡಲಿಲ್ಲ. ಪಟ್ಟಿ ಬಿಚ್ಚದೆ ಎದ್ದು ನಿಲ್ಲಿಸಿದರು, ಒಂದು ನಿಮಿಷ ಬಿಟ್ಟು ಮತ್ತೆ ಗುಂಡಿ ಒತ್ತಿದರು. 94/62. ನಿಂತ ಮೂರು ನಿಮಿಷದೊಳಗೆ ಮೇಲಿನ ಅಂಕಿ 20, ಇಲ್ಲವೇ ಕೆಳಗಿನದು 10 ಇಳಿದರೆ ಅದನ್ನು ಲೆಕ್ಕಕ್ಕೆ ತಗೋಬೇಕಂತೆ. ನನ್ನದು 22 ಇಳಿದಿತ್ತು. ಬರೀ ಕೂತು ನೋಡಿಕೊಂಡಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ.

"ಈ ಮಾತ್ರೆ ನಿಮ್ಮ ಹಳೇ ತೂಕಕ್ಕೆ ಬರೆದದ್ದು ರೀ" ಅಂದರು.

ಟಿರ್ಜೆಪಟೈಡ್‌ನ ದೊಡ್ಡ ಅಧ್ಯಯನ 2022ರಲ್ಲಿ ಪ್ರಕಟವಾಯ್ತು. ಅದರಲ್ಲಿ 2,539 ಜನ ಇದ್ದರು, 72 ವಾರ ನಡೆಯಿತು. ಔಷಧ ತೆಗೆದುಕೊಂಡವರ ಬಿಪಿಯ ಮೇಲಿನ ಅಂಕಿ ಸರಾಸರಿ 7ರಷ್ಟು ಇಳಿಯಿತು. ತೂಕ ಇಳಿಸುವ ಇದೇ ಥರದ ಇನ್ನೊಂದು ಔಷಧ ಸೆಮಾಗ್ಲುಟೈಡ್‌ನಲ್ಲೂ ಸುಮಾರು 6 ಇಳಿದದ್ದು ಕಂಡಿದೆ. ತೂಕ ಇಳಿದರೆ ಹೃದಯದ ಮೇಲಿನ ಹೊರೆ ಕಮ್ಮಿ. ಕಿಡ್ನಿ ಉಪ್ಪನ್ನು ಸ್ವಲ್ಪ ಜಾಸ್ತಿ ಹೊರಗೆ ಹಾಕುತ್ತದೆ. ಅದಲ್ಲದೆ ತಿನ್ನುವುದೇ ಕಮ್ಮಿಯಾದಾಗ ಉಪ್ಪಿನಕಾಯಿ, ಚಟ್ನಿಪುಡಿ, ಸಂಜೆಯ ಮಿರ್ಚಿ, ಎಲ್ಲದರ ಉಪ್ಪೂ ತಾನಾಗಿ ಇಳಿಯುತ್ತದೆ. ಇದೆಲ್ಲ ಒಳ್ಳೇದೇ. ಆದರೆ ಮಾತ್ರೆ ಮಾತ್ರ ಹಳೆಯದೇ, ಅದರ ಪಾಡಿಗೆ ಅದು ಬಿಪಿ ಇಳಿಸುತ್ತಲೇ ಇರುತ್ತದೆ.

ನನ್ನದು ಟೆಲ್ಮಿಸಾರ್ಟಾನ್ ಜೊತೆ ಕ್ಲೋರ್ಥಾಲಿಡೋನ್ ಸೇರಿದ ಮಾತ್ರೆ. ಈ ಎರಡನೆಯದು ಮೂತ್ರ ಜಾಸ್ತಿ ಹೋಗುವ ಹಾಗೆ ಮಾಡುವ ಔಷಧ. ಇಂಜೆಕ್ಷನ್‌ನಿಂದ ಊಟ ಕಮ್ಮಿ, ನೀರೂ ಕಮ್ಮಿ. ಮೇಲೆ ನಮ್ಮೂರ ಏಪ್ರಿಲ್ ಬಿಸಿಲು. ಅದರ ಮೇಲೆ ಈ ಮಾತ್ರೆ. ಡಾಕ್ಟರು ಕ್ಲೋರ್ಥಾಲಿಡೋನ್ ತೆಗೆದು ಬರೀ ಟೆಲ್ಮಿಸಾರ್ಟಾನ್ ಇಟ್ಟರು. ನೀವು ಇದನ್ನು ಕೇಳಿ ನಾಳೆಯಿಂದಲೇ ಮಾತ್ರೆ ಬಿಡಬೇಡಿ, ದಯವಿಟ್ಟು. ಯಾವುದನ್ನು ತೆಗೆಯಬೇಕು, ಎಷ್ಟು ಇಳಿಸಬೇಕು ಅನ್ನೋದು ಒಬ್ಬೊಬ್ಬರಿಗೆ ಒಂದೊಂದು.

ಅವ್ವನ ಶರಬತ್ತಿನ ಬಗ್ಗೆಯೂ ಕೇಳಿದೆ. ನೀರು ಬೇಕು, ಸರಿ. ಆದರೆ ಬಿಪಿ ಇಳಿಸೋಕೆ ಬೆಳಗ್ಗೆ ಮಾತ್ರೆ ನುಂಗಿ, ಏರಿಸೋಕೆ ಮಧ್ಯಾಹ್ನ ಉಪ್ಪು ಕುಡಿಯೋದು ಯಾವ ನ್ಯಾಯ ಅಂತ ನಕ್ಕರು. ಜಾಸ್ತಿ ಹೆದರಬೇಕಾದದ್ದು ವಾಂತಿ ಭೇದಿಗೆ. ಡೋಸ್ ಏರಿಸಿದ ವಾರಗಳಲ್ಲಿ ಹೊಟ್ಟೆ ಕೆಡುವುದು ಹೊಸದೇನಲ್ಲ. ಕುಡಿದ ನೀರೂ ನಿಲ್ಲದ ಹಾಗಾದರೆ, ಮೈಯಲ್ಲಿ ನೀರಿಲ್ಲದ ಹೊತ್ತಲ್ಲಿ ಈ ಬಿಪಿ ಮಾತ್ರೆಗಳಿಂದ ಕಿಡ್ನಿಗೆ ಪೆಟ್ಟು ಬೀಳಬಹುದು. ಅವತ್ತೇ ಫೋನ್ ಮಾಡಿ ಕೇಳಬೇಕು, ಮರುದಿನಕ್ಕೆ ಇಟ್ಟುಕೊಳ್ಳಬಾರದು.

ಮನೆಯಲ್ಲಿ ಬಿಪಿ ನೋಡುವುದು ಹೇಗೆ? ಐದು ನಿಮಿಷ ಸುಮ್ನೆ ಕೂರಬೇಕು, ಬೆನ್ನಿಗೆ ಆಸರೆ, ಪಾದ ನೆಲದ ಮೇಲೆ, ತೋಳು ಎದೆಯ ಮಟ್ಟಕ್ಕೆ. ಅರ್ಧ ಗಂಟೆ ಮೊದಲು ಚಹಾ, ತಂಬಾಕು ಬೇಡ. ಮಾತಾಡಬಾರದು. ಇದು ಎಲ್ಲರಿಗೂ ಗೊತ್ತಿರೋದೇ ಅಲ್ವಾ? ತೋಳಿಗೆ ಸುತ್ತುವ ಪಟ್ಟಿಯ ವಿಷಯ ಮಾತ್ರ ನನಗೆ ಹೊಸದು. ದಪ್ಪ ತೋಳಿಗೆ ಸಣ್ಣ ಪಟ್ಟಿ ಸುತ್ತಿದರೆ ಅಂಕಿ ಜಾಸ್ತಿ ತೋರಿಸುತ್ತದೆ, ಸಣ್ಣ ತೋಳಿಗೆ ದೊಡ್ಡ ಪಟ್ಟಿ ಸುತ್ತಿದರೆ ಕಮ್ಮಿ. ತೂಕ ಇಳಿದಾಗ ತೋಳೂ ಇಳಿಯುತ್ತದೆ. ಅಂಗಡಿಯ ಟೇಪಿನಲ್ಲೇ ಅಳೆದೆ, ನೋಡಿ, ಭುಜಕ್ಕೂ ಮೊಣಕೈಗೂ ನಡುವೆ. 31 ಸೆಂಟಿಮೀಟರ್. ನನ್ನ ದೊಡ್ಡ ಪಟ್ಟಿಯ ಮೇಲೆ 32ರಿಂದ 42 ಅಂತ ಅಚ್ಚಾಗಿದೆ. ಅದನ್ನು ಬದಲಾಯಿಸಿದೆ. ಈಗ ಬೆಳಗ್ಗೆ ಮಾತ್ರೆಗೆ ಮುಂಚೆ ಒಂದು ಸಲ, ರಾತ್ರಿ ಒಂದು ಸಲ, ತಲೆ ಸುತ್ತಿದರೆ ನಿಂತು ಇನ್ನೊಂದು ಸಲ.

ಅದೇ ಮಶಿನ್‌ನಲ್ಲಿ ಕೆಳಗೆ ಮೂರನೇ ಅಂಕಿ ಇರುತ್ತದೆ, ನಾಡಿ ಬಡಿತ. ಈ ಇಂಜೆಕ್ಷನ್‌ನಿಂದ ಬಿಪಿ ಇಳಿದರೂ ಇದು ಸ್ವಲ್ಪ ಏರುತ್ತದೆ, ಸರಾಸರಿ ನಿಮಿಷಕ್ಕೆ ಎರಡರಿಂದ ನಾಲ್ಕು. ಸುಮ್ನೆ ಕೂತಿದ್ದಾಗಲೂ ಎದೆ ಡವಡವ ಅಂದರೆ ಡಾಕ್ಟರಿಗೆ ಹೇಳಿ.

ಇನ್ನು, ತೂಕ ಇಳಿಸುವ ಎಲ್ಲ ಔಷಧವೂ ಬಿಪಿ ಇಳಿಸುತ್ತದೆ ಅಂದುಕೊಳ್ಳಬೇಡಿ. ಸಿಬುಟ್ರಮಿನ್ ಅಂತ ಇತ್ತು, ಅದು ಬಿಪಿ ಏರಿಸುತ್ತಿತ್ತು. 2010ರಲ್ಲಿ ಅಮೆರಿಕ, ಯುರೋಪಿನಲ್ಲಿ ವಾಪಸ್ ತೆಗೆದರು, 2011ರಲ್ಲಿ ನಮ್ಮಲ್ಲೂ ನಿಷೇಧ ಆಯ್ತು. ಆದರೂ ಬರೀ ಗಿಡಮೂಲಿಕೆ ಅಂತ ಮಾರುವ ಪೌಡರ್, ಕ್ಯಾಪ್ಸೂಲ್‌ಗಳಲ್ಲಿ ಇದನ್ನು ಬೆರೆಸಿದ್ದು ಪರೀಕ್ಷೆಯಲ್ಲಿ ಎಷ್ಟೋ ಸಲ ಸಿಕ್ಕಿಬಿದ್ದಿದೆ. ವಾಟ್ಸಾಪ್‌ನಲ್ಲಿ ಬರುವ ಆ ಡಬ್ಬಿಗಳನ್ನು ನಾನಂತೂ ಮುಟ್ಟುವುದಿಲ್ಲ.

"ಇಂಜೆಕ್ಷನ್ ಬಿಟ್ಟರೆ ಬಿಪಿ ಹೀಗೇ ಇರುತ್ತಾ?" ಅಂತ ಅಂಗಡಿಗೆ ಬರೋರೆಲ್ಲ ಕೇಳುತ್ತಾರೆ. ಸೆಮಾಗ್ಲುಟೈಡ್ ನಿಲ್ಲಿಸಿದವರನ್ನು ಒಂದು ವರ್ಷ ಬಿಟ್ಟು ನೋಡಿದಾಗ, ಇಳಿದ ತೂಕದ ಮೂರರಲ್ಲಿ ಎರಡು ಪಾಲು ವಾಪಸ್ ಬಂದಿತ್ತು. ಬಿಪಿಯೂ ಹೆಚ್ಚುಕಮ್ಮಿ ಹಳೆಯ ಜಾಗಕ್ಕೇ ಹೋಗಿತ್ತು. ಹಾಗಾಗಿ ನಿಲ್ಲಿಸುವ ದಿನ ಬಂದರೆ ಮತ್ತೆ ದಿನಾ ಬರೆದಿಡಬೇಕು, ತೆಗೆದ ಮಾತ್ರೆ ವಾಪಸ್ ಬರಬಹುದು ಅಂತ ಡಾಕ್ಟರು ಈಗಲೇ ಹೇಳಿಟ್ಟಿದ್ದಾರೆ. ಸದ್ಯಕ್ಕೆ ಐದರಲ್ಲೇ ಇರಿ, ಬಿಸಿಲು ಇಳಿಯಲಿ, ಆಮೇಲೆ ಡೋಸ್ ಏರಿಸೋದು ನೋಡೋಣ ಅಂದಿದ್ದಾರೆ.