ಮ್ಯೂಲ್ ಡೀರ್ ಬೇಟೆಗೆ ಯಾವ ರೈಫಲ್?

ಕೇಳುಗರೆಲ್ಲರಿಗೂ ನಮಸ್ಕಾರ.

ಅಮೆರಿಕದ ಪಶ್ಚಿಮ ರಾಜ್ಯಗಳಿಗೆ ಬಂದು, ಬೇಟೆ ಕಲಿಯಬೇಕು ಅಂತ ಹೊರಟ ನಮ್ಮ ಕನ್ನಡದವರು ಮೊದಲು ಕೇಳುವ ಪ್ರಶ್ನೆ ಒಂದೇ. ಯಾವ ರೈಫಲ್ ತಗೊಳ್ಳಲಿ? ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆ ಮುಗಿದ ಮಾತು. ಹಾಗಾಗಿ ನಮ್ಮಲ್ಲಿ ಹೆಚ್ಚಿನವರಿಗೆ ಇದು ಮನೆಯಲ್ಲಿ ಕಲಿತ ವಿದ್ಯೆ ಅಲ್ಲ. ವಿಡಿಯೋ ನೋಡುತ್ತಾರೆ, ಸಾವಿರ ಗಜ ದೂರಕ್ಕೆ ಹೊಡೆಯುವ ಮಾತು ಕೇಳುತ್ತಾರೆ, ಹೆಚ್ಚು ಮದ್ದಿನ ತೋಟಾ ಹಾರಿಸುವ ದೊಡ್ಡ ಮ್ಯಾಗ್ನಮ್ ರೈಫಲ್ ಕೊಂಡು ತರುತ್ತಾರೆ. ನನಗೆ ಇದು ನಿಜಕ್ಕೂ ಬೇಸರದ ವಿಷಯ. ಯಾಕೆಂದರೆ ಆ ಆಯ್ಕೆಯ ನೋವು ತಿನ್ನುವುದು ಜಿಂಕೆ.

ಮೊದಲು ಪ್ರಾಣಿಯನ್ನು ನೋಡೋಣ. ಮ್ಯೂಲ್ ಡೀರ್ ಅನ್ನುವ ಜಿಂಕೆ ಇರುವುದು ಉತ್ತರ ಅಮೆರಿಕದ ಪಶ್ಚಿಮ ಭಾಗದಲ್ಲಿ. ಕೊಲೊರಾಡೊ, ವಯೋಮಿಂಗ್, ಯೂಟಾ, ಐಡಾಹೊ, ನೆವಾಡಾದ ಬೆಟ್ಟಗಳಲ್ಲಿ, ಸೇಜ್‌ಬ್ರಷ್ ಪೊದೆಗಳ ಬಯಲಲ್ಲಿ. ಹೇಸರಗತ್ತೆಯ ಹಾಗೆ ದೊಡ್ಡ ಕಿವಿ. ಬೆದರಿದರೆ ನಾಲ್ಕೂ ಕಾಲು ಒಟ್ಟಿಗೆ ಎತ್ತಿ ನೆಗೆಯುತ್ತಾ ಹೋಗುತ್ತದೆ. ಎಷ್ಟೋ ಸಲ ದಿಬ್ಬದ ತುದಿಗೆ ಹೋಗಿ ಒಂದು ಕ್ಷಣ ನಿಂತು ಹಿಂತಿರುಗಿ ನೋಡುತ್ತದೆ. ಬೆಳೆದ ಗಂಡು ಸಾಮಾನ್ಯವಾಗಿ 150ರಿಂದ 250 ಪೌಂಡ್ ತೂಗುತ್ತದೆ. ಹೃದಯ, ಶ್ವಾಸಕೋಶ ಇರುವ ಜಾಗ ಅಂದರೆ ಎಂಟರಿಂದ ಹತ್ತು ಇಂಚಿನ ಒಂದು ವೃತ್ತ. ರೈಫಲ್, ತೋಟಾ, ಸ್ಕೋಪ್, ಎಲ್ಲದರ ಲೆಕ್ಕವೂ ಆ ವೃತ್ತದಿಂದಲೇ ಶುರುವಾಗಬೇಕು. ನಿಮ್ಮ ಗುಂಡು ಪ್ರತಿ ಸಲವೂ ಅದರೊಳಗೆ ಬೀಳುವಷ್ಟು ದೂರವೇ ನಿಮ್ಮ ದೂರ.

ಈ ಪ್ರಾಣಿ ತೆರೆದ ಜಾಗದ ಪ್ರಾಣಿ, ಅದು ನಿಜ. ಒಂದು ಕಣಿವೆಯ ಈಚೆಯಿಂದ ಆಚೆಗೆ ಗುರಿ ಇಡಬೇಕಾಗಿ ಬರಬಹುದು. ಆದರೆ 300 ಗಜಕ್ಕೆ ಬೇಕಾದ ಶಕ್ತಿ ನೂರು ವರ್ಷದ ಹಿಂದೆಯೇ ಬಂದಾಗಿದೆ. .270 ವಿಂಚೆಸ್ಟರ್ ಎಂಬ ತೋಟಾ ಮಾರುಕಟ್ಟೆಗೆ ಬಂದದ್ದು 1925ರಲ್ಲಿ. 130 ಗ್ರೇನ್, ಅಂದರೆ ಸುಮಾರು ಎಂಟೂವರೆ ಗ್ರಾಂ ತೂಕದ ಗುಂಡನ್ನು ಸೆಕೆಂಡಿಗೆ 3000 ಅಡಿಗಿಂತ ಜಾಸ್ತಿ ವೇಗದಲ್ಲಿ ಕಳಿಸುತ್ತದೆ. ಜ್ಯಾಕ್ ಓ'ಕಾನರ್ ಎಂಬ ಲೇಖಕರು ಜೀವಮಾನವಿಡೀ ಇದನ್ನು ಹೊಗಳಿ ಬರೆದರು. ಆ ಹೊಗಳಿಕೆ ಇಂದಿಗೂ ಸಲ್ಲುತ್ತದೆ ಅಂತ ನನ್ನ ಅಭಿಪ್ರಾಯ. 1906ರ 30-06, 1952ರ .308, 2007ರ 6.5 ಕ್ರೀಡ್‌ಮೂರ್, ಇವುಗಳಲ್ಲಿ ಯಾವುದನ್ನು ತಗೊಂಡರೂ ಸರಿಯೇ. .243 ಕೂಡ ಸಾಕು, ಗುಂಡು ಒಳ್ಳೆಯದಿದ್ದು ದೂರ ಕಮ್ಮಿ ಇದ್ದರೆ. ಕೊಲೊರಾಡೊದ ನಿಯಮದ ಪ್ರಕಾರ ಜಿಂಕೆಗೆ ನಳಿಗೆಯ ಒಳವ್ಯಾಸ ಕನಿಷ್ಠ .24 ಇಂಚು ಇರುವ ರೈಫಲ್, ಕನಿಷ್ಠ 70 ಗ್ರೇನ್ ಗುಂಡು ಬೇಕು.

ಹಾಗಾದರೆ .300 ಮ್ಯಾಗ್ನಮ್ ಯಾಕೆ ಬೇಡ? ಒದೆತ. .270ಗಿಂತ ಅದು ಸುಮಾರು ಒಂದೂವರೆ ಪಟ್ಟು ಜೋರಾಗಿ ಭುಜಕ್ಕೆ ಒದೆಯುತ್ತದೆ. ಹೊಸಬರು ನಾಲ್ಕು ಗುಂಡು ಹೊಡೆಯುವಷ್ಟರಲ್ಲಿ ದೇಹ ಹೆದರಿರುತ್ತದೆ. ಐದನೆಯದಕ್ಕೆ ಟ್ರಿಗರ್ ಎಳೆಯುವ ಮೊದಲೇ ಕಣ್ಣು ಮುಚ್ಚುತ್ತದೆ, ಭುಜ ಬಿಗಿಯುತ್ತದೆ. ಗುಂಡು ಹೊಟ್ಟೆಗೆ ಬೀಳುವುದು ಹೀಗೆ. ಹೊಟ್ಟೆಗೆ ಏಟು ತಿಂದ ಜಿಂಕೆ ಗಂಟೆಗಟ್ಟಲೆ ನರಳುತ್ತದೆ, ಎಷ್ಟೋ ಸಲ ಸಿಗುವುದೂ ಇಲ್ಲ. ನಿಮ್ಮ ಮೈಕಟ್ಟಿಗೆ ಒದೆತ ಹೆಚ್ಚೆನಿಸಿದರೆ, ಹೆಣ್ಣಾಗಲಿ ಗಂಡಾಗಲಿ, ಸಂಕೋಚವಿಲ್ಲದೆ 6.5 ಕ್ರೀಡ್‌ಮೂರ್ ತಗೊಳ್ಳಿ. ಸ್ಟಾಕಿನ, ಅಂದರೆ ಭುಜಕ್ಕೆ ಒತ್ತುವ ಹಿಂಭಾಗದ, ಉದ್ದವನ್ನೂ ಅಂಗಡಿಯಲ್ಲೇ ನೋಡಿ. ದಪ್ಪ ಜಾಕೆಟ್ ಹಾಕಿಕೊಂಡೇ ಭುಜಕ್ಕೆ ಒತ್ತಿ ನೋಡಿ. ಅಕ್ಟೋಬರಿನ ಬೆಳಗಿನ ಚಳಿಯಲ್ಲಿ ನೀವು ಬರೀ ಅಂಗಿಯಲ್ಲಿ ಇರುವುದಿಲ್ಲ, ಅಲ್ವಾ?

ಗುಂಡಿನ ಬಗ್ಗೆ ಸ್ವಲ್ಪ ಹೆಚ್ಚು ಹೊತ್ತು ಮಾತಾಡಬೇಕು. ಜನ ರೈಫಲ್‌ಗೆ ಸಾವಿರಾರು ಡಾಲರ್ ಕೊಡುತ್ತಾರೆ, ತೋಟಾ ಮಾತ್ರ ಅಗ್ಗದ್ದು ಹುಡುಕುತ್ತಾರೆ. ಆದರೆ ಜಿಂಕೆಯನ್ನು ಮುಟ್ಟುವುದು ಗುಂಡು ಒಂದೇ. ಅದು ಒಳಗೆ ಹೋಗಿ ಅರಳಬೇಕು, ಆದರೆ ಚೂರಾಗಬಾರದು. ಸೀಸದ ಮೆತ್ತನೆ ಗುಂಡು ಹತ್ತಿರದಿಂದ ಅತಿ ವೇಗದಲ್ಲಿ ಬಡಿದರೆ ಪುಡಿಯಾಗುತ್ತದೆ. ಆ ಸೀಸದ ಸಣ್ಣ ಚೂರುಗಳು ಏಟು ಬಿದ್ದ ಜಾಗದಿಂದ ದೂರದ ಮಾಂಸದಲ್ಲೂ ಸೇರಿರುತ್ತವೆ. ಮನೆಯಲ್ಲಿ ಮಕ್ಕಳು ತಿನ್ನುವ ಮಾಂಸ ಅದು. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡು ಬಳಸುವಂತೆಯೇ ಇಲ್ಲ. ಬೇಟೆಗಾರರು ಬಿಟ್ಟುಹೋದ ಕರುಳು ತಿಂದು ಕಾಂಡೋರ್ ಹದ್ದುಗಳು ಸಾಯುತ್ತಿದ್ದುದು ಅದಕ್ಕೆ ಮುಖ್ಯ ಕಾರಣ. ನಾನು ಯಾವ ರಾಜ್ಯದವರಿಗೂ ತಾಮ್ರದ ಗುಂಡನ್ನೇ ಹೇಳುತ್ತೇನೆ. ಒಂದು ಎಚ್ಚರಿಕೆ ಮಾತ್ರ ಇದೆ. ತಾಮ್ರ ಗಟ್ಟಿ ಲೋಹ. ಅರಳಬೇಕಾದರೆ ವೇಗ ಬೇಕು. ಬಹಳಷ್ಟು ತಾಮ್ರದ ಗುಂಡುಗಳಿಗೆ ಸೆಕೆಂಡಿಗೆ 1800ರಿಂದ 2000 ಅಡಿ ಕೆಳಗಿನ ಮಿತಿ. ತಯಾರಕರು ಆ ಸಂಖ್ಯೆ ಹೇಳಿರುತ್ತಾರೆ. ನಿಮ್ಮ ಗುಂಡು ಯಾವ ದೂರದಲ್ಲಿ ಆ ವೇಗಕ್ಕೆ ಇಳಿಯುತ್ತದೆ ಅಂತ ನೋಡಿ, ಅದರಾಚೆ ಹೊಡೆಯಬೇಡಿ.

ಸ್ಕೋಪ್ 3-9, ಅಂದರೆ ಮೂರರಿಂದ ಒಂಬತ್ತು ಪಟ್ಟು ಹಿಗ್ಗಿಸುವುದು, ಸಾಕು. 24 ಪಟ್ಟು ಹಿಗ್ಗಿಸುವ ಸ್ಕೋಪ್ ಭಾರ, ಜತೆಗೆ ಕಾಣುವ ಜಾಗ ತೀರ ಚಿಕ್ಕದಾಗುತ್ತದೆ. ಜಿಂಕೆ ಹುಡುಕಲು ಸ್ಕೋಪ್ ಬಳಸಲೇಬಾರದು. ಸ್ಕೋಪ್ ತಿರುಗಿದ ಕಡೆಗೆ ನಳಿಗೆಯೂ ತಿರುಗುತ್ತದೆ, ಅಲ್ಲಿ ಪೊದೆಯ ಹಿಂದೆ ಇರುವುದು ಇನ್ನೊಬ್ಬ ಮನುಷ್ಯ ಆಗಿರಬಹುದು. ಹುಡುಕುವುದಕ್ಕೆ ಹತ್ತು ಪಟ್ಟು ಹಿಗ್ಗಿಸುವ 10x42 ಬೈನಾಕ್ಯುಲರ್ ಇಟ್ಟುಕೊಳ್ಳಿ. ಸ್ಕೋಪ್‌ನಲ್ಲಿ ಉಳಿಸಿದ ದುಡ್ಡು ಇದಕ್ಕೆ ಹಾಕಿ. ದೂರ ಅಳೆಯುವ ರೇಂಜ್‌ಫೈಂಡರ್ ಕೂಡ ಬೇಕೇ ಬೇಕು. ಬಯಲಲ್ಲಿ ಕಣ್ಣಂದಾಜು ಬಹಳ ಮೋಸ ಮಾಡುತ್ತದೆ.

ರೈಫಲ್‌ಅನ್ನು 200 ಗಜಕ್ಕೆ ಸರಿಮಾಡಿಕೊಳ್ಳಿ, ಅಂದರೆ ಆ ದೂರದಲ್ಲಿ ಗುರಿಯಿಟ್ಟ ಕಡೆಗೇ ಗುಂಡು ಬೀಳುವಂತೆ. ಆಗ .270ರ ಗುಂಡು 100 ಗಜದಲ್ಲಿ ಸುಮಾರು ಒಂದೂವರೆ ಇಂಚು ಮೇಲೆ, 300ರಲ್ಲಿ ಆರೇಳು ಇಂಚು ಕೆಳಗೆ, 400ರಲ್ಲಿ ಹತ್ತಿರ ಹತ್ತಿರ ಒಂದೂವರೆ ಅಡಿ ಕೆಳಗೆ ಬೀಳುತ್ತದೆ. ನೋಡಿ, ಕೊನೆಯ ನೂರು ಗಜದಲ್ಲಿ ಎಷ್ಟು ಇಳಿಯಿತು! ಗಾಳಿ ಇನ್ನೂ ಕಷ್ಟ. ಗಂಟೆಗೆ 10 ಮೈಲಿಯ ಅಡ್ಡಗಾಳಿ 300 ಗಜದಲ್ಲಿ ಆರೇಳು ಇಂಚು ಪಕ್ಕಕ್ಕೆ ತಳ್ಳುತ್ತದೆ. ಇಳಿತದ ಲೆಕ್ಕಕ್ಕೆ ಬೇಕಾದ ದೂರವನ್ನು ರೇಂಜ್‌ಫೈಂಡರ್ ಹೇಳುತ್ತದೆ. ಕಣಿವೆಯ ನಡುವಿನ ಗಾಳಿಯನ್ನು ಯಾವ ಉಪಕರಣವೂ ಪೂರ್ತಿ ಹೇಳುವುದಿಲ್ಲ. ಹೊಸಬರು 300 ಗಜ ದಾಟಬೇಡಿ ಅನ್ನುವುದು ಇದಕ್ಕೇ.

ಬೆಟ್ಟದ ಇಳಿಜಾರೂ ಲೆಕ್ಕಕ್ಕೆ ಬರುತ್ತದೆ. ಗುಂಡು ಎಷ್ಟು ಇಳಿಯುತ್ತದೆ ಅನ್ನುವುದಕ್ಕೆ ಮಟ್ಟಸದ ದೂರವನ್ನೇ ಲೆಕ್ಕಕ್ಕೆ ತಗೊಳ್ಳಬೇಕು. 30 ಡಿಗ್ರಿ ಏರಿನಲ್ಲೋ ಇಳಿಜಾರಿನಲ್ಲೋ 300 ಗಜ ಇದ್ದರೆ ಅದನ್ನು 260 ಅಂತ ತಿಳಿಯಬೇಕು. ಮರೆತರೆ ಗುಂಡು ಮೇಲೆ ಹೋಗುತ್ತದೆ. ಇನ್ನು ತೂಕ. ಸ್ಕೋಪ್ ಸೇರಿ ಎಂಟು ಪೌಂಡ್ ಆಸುಪಾಸು ಇರಲಿ. ತೀರ ಹಗುರವಾದರೆ ಒದೆತ ಜಾಸ್ತಿ, ಭಾರವಾದರೆ ಒಂಬತ್ತು ಸಾವಿರ ಅಡಿ ಎತ್ತರದಲ್ಲಿ ಹೊತ್ತು ನಡೆಯುವುದು ಸುಲಭ ಅಲ್ಲ.

ಕಾನೂನಿನ ಒಂದು ಮಾತು. ಎಚ್-1ಬಿಯಂಥ ವೀಸಾದಲ್ಲಿ ಇರುವವರು ಬಂದೂಕು ಇಟ್ಟುಕೊಳ್ಳುವುದಕ್ಕೆ ಫೆಡರಲ್ ಕಾನೂನಿನ ತಡೆ ಇದೆ. ಸರಿಯಾದ ಬೇಟೆ ಲೈಸೆನ್ಸ್ ಇದ್ದವರಿಗೆ ಅದರಲ್ಲಿ ವಿನಾಯಿತಿ ಉಂಟು. ಅಂಗಡಿಗೆ ಹೋಗುವ ಮೊದಲು ಈ ವಿಷಯವನ್ನು ವಕೀಲರ ಹತ್ತಿರ ಕೇಳಿಕೊಳ್ಳಿ. ಕೊಲೊರಾಡೊದಲ್ಲಿ ಹಂಟರ್ ಎಜುಕೇಶನ್ ಕೋರ್ಸ್ ಮುಗಿಸದೆ ಸಾಮಾನ್ಯವಾಗಿ ಲೈಸೆನ್ಸ್ ಸಿಗುವುದಿಲ್ಲ. ಜಿಂಕೆಯ ಪರವಾನಗಿಗೆ ಅರ್ಜಿ ಹಾಕಿ ಲಾಟರಿಯಲ್ಲಿ ಹೆಸರು ಬರಬೇಕು.

ಅಲ್ಲಿ ಅರ್ಜಿ ಏಪ್ರಿಲ್ ಮೊದಲ ವಾರದ ಹೊತ್ತಿಗೆ, ರೈಫಲ್ ಸೀಸನ್ ಹೆಚ್ಚಾಗಿ ಅಕ್ಟೋಬರ್-ನವೆಂಬರ್‌ನಲ್ಲಿ. ನಡುವಿನ ತಿಂಗಳುಗಳು ಅಭ್ಯಾಸಕ್ಕೆ. ರೇಂಜಿನ ಮೇಜಿನ ಮೇಲೆ ಒರಗಿಸಿ ಹೊಡೆಯುವುದು ಸ್ಕೋಪ್ ಸರಿಮಾಡಲು ಮಾತ್ರ. ಆಮೇಲೆ ನೆಲದಲ್ಲಿ ಕೂತು ಹೊಡೆಯಿರಿ. ಮಂಡಿಯೂರಿ, ಶೂಟಿಂಗ್ ಸ್ಟಿಕ್ ಮೇಲೆ ನಳಿಗೆ ಇಟ್ಟು ಹೊಡೆಯಿರಿ. ರೇಂಜಿನವರು ಬಿಟ್ಟರೆ, ರೈಫಲ್ ಕೆಳಗಿಟ್ಟು ಸ್ವಲ್ಪ ಓಡಿ ಬಂದು, ಎದೆ ಬಡಿದುಕೊಳ್ಳುತ್ತಿರುವಾಗಲೇ ಹೊಡೆದು ನೋಡಿ. ಗುಂಡು ಹಾರಿದ ಕೂಡಲೇ ತಲೆ ಎತ್ತದೆ ಬೋಲ್ಟ್ ಎಳೆದು ಎರಡನೆಯ ತೋಟಾ ಹಾಕಿಕೊಳ್ಳುವುದನ್ನೂ ಕೈಗೆ ರೂಢಿ ಮಾಡಿಸಿ. ಕಾಗದದ ಮೇಲಿನ ಆ ಹತ್ತು ಇಂಚಿನ ವೃತ್ತದಿಂದ ಗುಂಡು ಆಚೆ ಹೋಗತೊಡಗಿದ ದೂರವನ್ನು ಒಂದು ಚೀಟಿಯಲ್ಲಿ ಬರೆದು ಸ್ಟಾಕಿಗೆ ಅಂಟಿಸಿ. ಸೀಸನ್ ಬಂದಾಗ ಅದಕ್ಕಿಂತ ದೂರದಲ್ಲಿ ಜಿಂಕೆ ಕಂಡರೆ ಹತ್ತಿರ ಹೋಗಿ. ಹೋಗಲು ದಾರಿಯಿಲ್ಲದಿದ್ದರೆ ಬಿಟ್ಟುಬಿಡಿ.

ನಮಸ್ಕಾರ.