ಗುಂಪಿನ ಬಾಲದಲ್ಲಿ ಏಳು ಸುತ್ತು

ಎಲ್ಲರಿಗೂ ನಮಸ್ಕಾರ. ಸೈಕಲ್ ರೇಸ್ ಬಗ್ಗೆ ಮಾತಾಡಿ ಅಂದಾಗ ನನಗೆ ನಗು ಬಂತು. ಗೆದ್ದವರನ್ನು ಕರೆಯಬೇಕಿತ್ತು ಅಲ್ವಾ? ನಾನು ಮೊದಲ ರೇಸನ್ನು ಮುಗಿಸಲೇ ಇಲ್ಲ. ಆದರೆ ಹಿಂದೆ ಬಿದ್ದವನಿಗೆ ಹಿಂದಿನ ಕಥೆ ಚೆನ್ನಾಗಿ ಗೊತ್ತಿರುತ್ತದೆ. ಅದನ್ನೇ ಹೇಳುತ್ತೇನೆ.

ನಾನು ಇಳಿದದ್ದು ಸರ್ಕ್ಯೂಟ್ ರೇಸಿಗೆ. ವಾಹನ ಬಿಡದ ರಸ್ತೆಯಲ್ಲಿ ಸುತ್ತಿದ್ದನ್ನೇ ಸುತ್ತುವ ರೇಸು. ಕ್ರೈಟೀರಿಯಂ ಅಂತ ಹೆಸರು, ಸವಾರರ ಬಾಯಲ್ಲಿ 'ಕ್ರಿಟ್'. ನಮ್ಮದು 1.2 ಕಿ.ಮೀ. ಸುತ್ತು, ನಾಲ್ಕು ತಿರುವು. 30 ನಿಮಿಷ ತುಳಿಯಬೇಕು, ಅದರ ಮೇಲೆ ಎರಡು ಸುತ್ತು. ಕೊನೆಯ ಸುತ್ತಿಗೆ ಗಂಟೆ ಬಾರಿಸುತ್ತಾರೆ.

ನನಗೆ ಧೈರ್ಯವೇನೋ ಇತ್ತು. ದಿನಾ ಬೆಳಿಗ್ಗೆ ಒಬ್ಬನೇ ಗಂಟೆಗೆ 30 ಕಿ.ಮೀ. ವೇಗದಲ್ಲಿ ಹೋಗುತ್ತಿದ್ದೆ. ಗುಂಪಿನಲ್ಲಿ ಇನ್ನೂ ಸಲೀಸು ಅಂದುಕೊಂಡೆ. ಅದೇನೂ ಸುಳ್ಳಲ್ಲ. ಸಮತಟ್ಟು ರಸ್ತೆಯಲ್ಲಿ ನಾವು ಹೆಚ್ಚಾಗಿ ಗುದ್ದಾಡುವುದು ಗಾಳಿಯ ಜೊತೆ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟು, ಅದನ್ನು ಮೀರಲು ಬೇಕಾದ ಶಕ್ತಿ ಎಂಟು ಪಟ್ಟು. ಮುಂದಿನವನ ಚಕ್ರಕ್ಕೆ ಅಂಟಿಕೊಂಡರೆ ಈ ಶ್ರಮದಲ್ಲಿ ಕಾಲು ಭಾಗವಾದರೂ ಉಳಿಯುತ್ತದೆ.

ಆದರೆ ಅಂಟಿಕೊಳ್ಳಲು ಭಯ. ನನ್ನ ಮುಂದಿನ ಚಕ್ರ ಅವನ ಹಿಂದಿನ ಚಕ್ರಕ್ಕೆ ತಾಗಿದರೆ ಬೀಳುವವನು ಸಾಮಾನ್ಯವಾಗಿ ನಾನೇ. ಸುಮ್ನೆ ಯಾಕೆ ರಿಸ್ಕು ಅಂತ ನಲವತ್ತು ಜನರ ಕೊನೆಯಲ್ಲಿ ಸೇರಿಕೊಂಡೆ. ಅಲ್ಲಿ ಆರಾಮ ಅನ್ನಿಸಿತು. ಮೊದಲ ತಿರುವಿನ ತನಕ.

ತಿರುವಿನಲ್ಲಿ ಏನಾಗುತ್ತದೆ ನೋಡಿ. ಎಲ್ಲರೂ ವೇಗ ತಗ್ಗಿಸುವುದು ಒಂದೇ ಜಾಗದಲ್ಲಿ, ಒಂದೇ ಹೊತ್ತಿಗೆ ಅಲ್ಲ. ಮೊದಲನೆಯವನು ತಿರುವು ದಾಟಿ ಮತ್ತೆ ನಲವತ್ತಕ್ಕೆ ಏರಿರುತ್ತಾನೆ, ನಾನಿನ್ನೂ ಇತ್ತ ಬ್ರೇಕ್ ಹಿಡಿದು ಇಪ್ಪತ್ತೈದಕ್ಕೆ ಇಳಿದಿರುತ್ತೇನೆ. ಗುಂಪು ರಬ್ಬರಿನ ಹಾಗೆ ಹಿಗ್ಗುತ್ತದೆ. ಅವರನ್ನು ಹಿಡಿಯಲು ನಾನು ಅವರಿಗಿಂತ ಜೋರಾಗಿ ಹೋಗಬೇಕು, ಅದೂ ಎದುರು ಗಾಳಿಗೆ. ಹಿಡಿದು ಉಸಿರು ಬಿಡುವಷ್ಟರಲ್ಲಿ ಮುಂದಿನ ತಿರುವು. ಸುತ್ತಿಗೆ ನಾಲ್ಕು ಸಲ. ಏಳು ಸುತ್ತಿಗೆ ಇಪ್ಪತ್ತೆಂಟು ಸಲ. ಇಪ್ಪತ್ತೆಂಟನೆಯದರಲ್ಲಿ ಎದ್ದು ನಿಂತು ತುಳಿದೆ, ತೊಡೆ ಮಾತು ಕೇಳಲಿಲ್ಲ. ಮೂರು ಸೈಕಲ್ ಉದ್ದದ ಅಂತರ ಹತ್ತಾಯಿತು. ಆಮೇಲೆ ಬೆನ್ನಿಗೆ ಚುಚ್ಚಿಕೊಂಡ ನಂಬರ್ ಗಾಳಿಗೆ ಪಟಪಟ ಬಡಿಯುವುದೊಂದೇ ಸದ್ದು. ಗುಂಪು ಒಂದು ಸುತ್ತು ಹೆಚ್ಚು ಬಂದು ನನ್ನ ಬೆನ್ನಿಗೆ ಸೇರುವ ಹೊತ್ತಿಗೆ ವಿಸಿಲ್ ಊದಿ ಪಕ್ಕಕ್ಕೆ ಕರೆದರು.

ಅಂದು ಮುಗಿಸಿ ಬಂದವರಲ್ಲಿ ನನಗಿಂತ ಹದಿನೈದು ವರ್ಷ ದೊಡ್ಡವರೊಬ್ಬರಿದ್ದರು. "ಕಾಲಿನದಲ್ಲ ಮಾರಾಯ, ಜಾಗದ್ದು ತಪ್ಪು" ಅಂದರು. ನನಗೆ ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ.

ಆಮೇಲೆ ಖಾಲಿ ರಸ್ತೆಯಲ್ಲಿ ಒಂದೇ ತಿರುವನ್ನು ಮತ್ತೆ ಮತ್ತೆ ತಿರುಗಿದೆ. ಬ್ರೇಕ್ ಏನಿದ್ದರೂ ತಿರುವಿಗೆ ಮುಂಚೆ, ಬಾಗಿದ ಮೇಲೆ ಅಲ್ಲ. ಹೊರಗಿನ ಪೆಡಲ್ ಕೆಳಗೆ, ಭಾರವೆಲ್ಲ ಆ ಕಾಲಿನ ಮೇಲೆ. ಒಳಗಿನದು ಮೇಲೆ, ಇಲ್ಲದಿದ್ದರೆ ನೆಲಕ್ಕೆ ತಾಗುತ್ತದೆ. ಕಣ್ಣು ಚಕ್ರದ ಮೇಲಲ್ಲ, ಹೊರಬೀಳುವ ಕಡೆಗೆ. ಇದನ್ನು ಹೇಳುವುದು ಸುಲಭ. ಬೆರಳು ಮಾತ್ರ ತಾನಾಗಿ ಬ್ರೇಕಿಗೆ ಹೋಗುತ್ತದೆ. ಅದನ್ನು ಬಿಡಿಸಲು ಎರಡು ತಿಂಗಳು ಹಿಡಿಯಿತು.

ಇನ್ನೊಂದನ್ನು ಕಿವಿ ಕಲಿತುಕೊಂಡಿತು. ಮುಂದಿನವನು ತುಳಿಯುವುದು ನಿಲ್ಲಿಸಿದ ಕ್ಷಣ ಅವನ ಫ್ರೀವೀಲ್ ಟಿಕ್ ಟಿಕ್ ಅನ್ನುತ್ತದೆ. ವೇಗ ಇಳಿಯಲಿದೆ ಅಂತ ಕಣ್ಣಿಗಿಂತ ಮೊದಲು ಅದು ಹೇಳುತ್ತದೆ. ಸದ್ದು ಕೇಳಿದ ತಕ್ಷಣ ನಾನೂ ಕಾಲು ತಡೆದರೆ ಸಾಕು, ಬ್ರೇಕ್ ಬೇಕಿಲ್ಲ.

ಮೂರನೆಯ ರೇಸಿನಲ್ಲಿ ಮೊದಲ ಹತ್ತರೊಳಗೆ ಜಾಗ ಹಿಡಿದು ಕೂತೆ. ಅದು ಬಿಟ್ಟಿ ಜಾಗವಲ್ಲ. ಸುಮ್ಮನಿದ್ದರೆ ಎರಡೂ ಪಕ್ಕದಿಂದ ಜನ ನುಗ್ಗುತ್ತಾರೆ, ನಾವು ಗೊತ್ತಾಗದಂತೆ ಹಿಂದಕ್ಕೆ ಜಾರುತ್ತೇವೆ. ಆದರೂ ಅವತ್ತು ಗುಂಪಿನ ಜೊತೆಯಲ್ಲೇ ಕೊನೆಯ ಸುತ್ತಿನ ಗಂಟೆ ಕೇಳಿಸಿಕೊಂಡೆ. ಅಷ್ಟಕ್ಕೇ ಖುಷಿಯಾಗಿ ಮೈಮರೆತೆನೋ ಏನೋ, ಕಟ್ಟಕಡೆಯ ತಿರುವಿನಲ್ಲಿ ಬೆರಳು ಮತ್ತೆ ಬ್ರೇಕಿಗೆ ಹೋಯಿತು. ಐದು ಜನ ದಾಟಿಹೋದರು. ಹದಿನಾಲ್ಕನೆಯವನಾಗಿ ಮುಗಿಸಿದೆ.